ಆಫ್ರಿಕಾದ ಕವಲುಬಾಲದ ಕಾಜಾಣ: ಕಳ್ಳನಾ, ಕಾವಲುಗಾರನಾ?

ಹೊಲದಬದು:
ಎಲ್ಲರಿಗೂ ನಮಸ್ಕಾರ. ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ, ನೀವೂ ನೋಡಿರಬಹುದು. ಕೆಂಪು ಮರಳಿನ ಜಾಗ. ಮುಂಗುಸಿ ಜಾತಿಯ ಮೀರ್‌ಕ್ಯಾಟ್‌ಗಳು ನೆಲ ಕೆದರಿ ಚೇಳು ಹಿಡಿಯುತ್ತಿವೆ. ಮೇಲೆ ಕೊಂಬೆಯಲ್ಲಿ ಕೂತ ಕರಿ ಹಕ್ಕಿ ಏನೋ ಕೂಗುತ್ತದೆ. ಮೀರ್‌ಕ್ಯಾಟ್‌ಗಳು ಚೇಳು ಬಿಟ್ಟು ಬಿಲಕ್ಕೆ ಓಡುತ್ತವೆ. ಹಕ್ಕಿ ಆರಾಮಾಗಿ ಇಳಿದು ಚೇಳು ಎತ್ತಿಕೊಂಡು ಹೋಗುತ್ತದೆ. ನೋಡೋಕೆ ಥೇಟ್ ನಮ್ಮ ಕಾಜಾಣ. ನಮ್ಮ ಹೊಲದಲ್ಲಿ ದಿನಾ ಎಮ್ಮೆ ಬೆನ್ನ ಮೇಲೆ ಕೂತಿರುತ್ತದಲ್ಲ, ಅದೇ. ಇದು ಯಾವ ಹಕ್ಕಿ? ಎಲ್ಲಿರುತ್ತದೆ? ನಿಜಕ್ಕೂ ಹೀಗೆ ಮೋಸ ಮಾಡುತ್ತದಾ, ಇಲ್ಲಾ ವಿಡಿಯೋ ಕತ್ತರಿಸಿ ಅಂಟಿಸಿದ್ದಾ?

ಕರಿಗರಿ:
ನಮಸ್ಕಾರ ಅಣ್ಣ. ಅದು ಫೋರ್ಕ್-ಟೇಲ್ಡ್ ಡ್ರಾಂಗೋ. ನಾವು ಕವಲುಬಾಲದ ಕಾಜಾಣ ಅನ್ನೋಣ. ವೈಜ್ಞಾನಿಕ ಹೆಸರು ಡೈಕ್ರೂರಸ್ ಆಡ್ಸಿಮಿಲಿಸ್. ನಮ್ಮ ಹೊಲದ ಕಾಜಾಣಕ್ಕೆ ಹತ್ತಿರದ ನೆಂಟ. ಎಷ್ಟು ಹತ್ತಿರ ಅಂದರೆ, ಒಂದು ಕಾಲದಲ್ಲಿ ಪಕ್ಷಿತಜ್ಞರು ಎರಡನ್ನೂ ಒಂದೇ ಪ್ರಭೇದ ಅಂತ ಎಣಿಸುತ್ತಿದ್ದರು. ಈಗ ಬೇರೆ ಬೇರೆ. ಗುಬ್ಬಿ, ಪಿಕಳಾರ, ಮೈನಾ ಎಲ್ಲ ಇರುವ ಹಾಡುಹಕ್ಕಿಗಳ ಬಳಗಕ್ಕೇ ಇದೂ ಸೇರುತ್ತದೆ.

ಉದ್ದ ಸುಮಾರು 25 ಸೆಂಟಿಮೀಟರ್, ತೂಕ 50 ಗ್ರಾಂ ಆಸುಪಾಸು. ಮೈಯೆಲ್ಲ ಹೊಳಪಿನ ಕಪ್ಪು, ಕಣ್ಣು ಕೆಂಪು, ಬಾಲದ ತುದಿ ಕವಲು. ಆಫ್ರಿಕಾದ ದಕ್ಷಿಣ ಮತ್ತು ಪೂರ್ವ ಭಾಗದಲ್ಲಿ ತುಂಬಾ ಕಡೆ ಸಿಗುತ್ತದೆ. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾ, ಜಿಂಬಾಬ್ವೆ, ಜಾಂಬಿಯಾ, ತಾಂಜಾನಿಯಾ ಎಲ್ಲ ಕಡೆ. ಮೊದಲು ಸಹಾರಾದ ಕೆಳಗಿನ ಇಡೀ ಬಯಲುಕಾಡಿನ ಹಕ್ಕಿಯನ್ನು ಒಂದೇ ಪ್ರಭೇದ ಅನ್ನುತ್ತಿದ್ದರು. ಇತ್ತೀಚೆಗೆ ಉತ್ತರದ ಕಡೆಯದನ್ನು ಬೇರೆ ಮಾಡಿದ್ದಾರೆ.

ಜಾಗ ಅಂದರೆ ಅದಕ್ಕೆ ಎರಡು ಬೇಕು. ಕೂರೋಕೆ ಎತ್ತರದ ಬೋಳು ಕೊಂಬೆ, ಕೆಳಗೆ ಕಣ್ಣಿಗೆ ಅಡ್ಡ ಬರದ ತೆರೆದ ನೆಲ. ಅದಕ್ಕೇ ದಟ್ಟ ಮಳೆಕಾಡಿನಲ್ಲಿ ಇರುವುದಿಲ್ಲ, ಮರವೇ ಇಲ್ಲದ ಮರುಭೂಮಿಯಲ್ಲೂ ಇರುವುದಿಲ್ಲ. ಅಲ್ಲಲ್ಲಿ ಮರ ಇರುವ ಹುಲ್ಲುಗಾವಲು, ಹೊಲ, ತೋಟ, ಊರ ಅಂಚು ಇಷ್ಟ. ನೀವು ನೋಡಿದ ವಿಡಿಯೋ ಹೆಚ್ಚಾಗಿ ಕಲಹಾರಿಯದ್ದು. ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ ವಾನ್ ಜೈಲ್ಸ್‌ರಸ್ ಅನ್ನೋ ಸಣ್ಣ ಊರಿನ ಹತ್ತಿರ ಕುರುಮಾನ್ ನದಿ ಮೀಸಲು ಪ್ರದೇಶ ಇದೆ. ನದಿ ಅನ್ನೋದು ಹೆಸರಿಗೆ ಮಾತ್ರ. ಬಹುತೇಕ ವರ್ಷ ಬರೀ ಮರಳು. ಅದರ ದಂಡೆಗಳಲ್ಲಿ ಕ್ಯಾಮಲ್‌ಥಾರ್ನ್ ಮರಗಳಿವೆ, ನಮ್ಮ ಜಾಲಿಯ ಬಳಗದ್ದು. ಈ ಹಕ್ಕಿಗೆ ಕೂರೋ ಜಾಗ ಅದೇ. ಅಲ್ಲಿನ ಮೀರ್‌ಕ್ಯಾಟ್‌ಗಳ ಮೇಲೆ 1993ರಿಂದ ಅಧ್ಯಯನ ನಡೆಯುತ್ತಿದೆ.

ಮೋಸದ ವಿಷಯ ನಿಜ. ವಿಡಿಯೋ ಕತ್ತರಿಸಿ ಅಂಟಿಸಿದ್ದಲ್ಲ.

ದಕ್ಷಿಣದ_ಗಾಳಿ:
ನಾನು ಕೆಲಸದ ಮೇಲೆ ಪ್ರಿಟೋರಿಯಾದಲ್ಲಿದ್ದೇನೆ. ಇಲ್ಲಿ ಇದನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಎದುರಿಗೆ ಬಂದು ಕೂರುತ್ತದೆ. ಕ್ರೂಗರ್ ಕಾಡಿನಲ್ಲಂತೂ ಗಾಡಿ ನಿಲ್ಲಿಸಿದ ಕಡೆಯೆಲ್ಲ ಒಂದು ಇರುತ್ತದೆ. ಆನೆ, ಜಿಂಕೆ, ಕಾಡೆಮ್ಮೆ ನಡೆದಾಗ ಹುಲ್ಲಿನಿಂದ ಮಿಡತೆ ಹಾರುತ್ತವಲ್ಲ, ಅದನ್ನು ಕಾಯುತ್ತಿರುತ್ತದೆ. ಕೊಂಬೆಯಿಂದ ಬಾಣದ ಹಾಗೆ ಇಳಿದು ಗಾಳಿಯಲ್ಲೇ ಹಿಡಿದು ಅದೇ ಕೊಂಬೆಗೆ ವಾಪಸ್. ಜೇನುನೊಣವನ್ನೂ ಬಿಡುವುದಿಲ್ಲ.

ಹುಲ್ಲಿಗೆ ಬೆಂಕಿ ಬಿದ್ದರೆ ಬೇರೆ ಹಕ್ಕಿಗಳು ಹಾರಿ ಹೋಗುತ್ತವೆ, ಇವು ಹೊಗೆಯ ಅಂಚಿಗೇ ಬಂದು ಸೇರುತ್ತವೆ. ಓಡಿ ಬರುವ ಹುಳ ಹಿಡಿಯೋಕೆ. ಧೈರ್ಯ ನೋಡಬೇಕು ಸಾರ್ ಇದರದ್ದು. ಹದ್ದು, ಗಿಡುಗ ಯಾರೇ ಬರಲಿ, ತಲೆ ಮೇಲೆ ಎರಗಿ ಎರಗಿ ಗಡಿ ದಾಟಿಸುತ್ತದೆ. ಹದ್ದಿನ ಬೆನ್ನಿಗೇ ಕುಕ್ಕಿದ್ದನ್ನು ನಾನು ನೋಡಿದ್ದೇನೆ.

ಹೊಲದಬದು:
ಎಲ್ಲ ನಮ್ಮ ಕಾಜಾಣದ ಬುದ್ಧಿಯೇ! ನಮ್ಮದೂ ಕಾಗೆಯನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಸಂಶಯಪ್ಪ:
ಸ್ವಲ್ಪ ತಡೀರಿ. ಹದ್ದು ಓಡಿಸೋದು, ಹುಳ ಹಿಡಿಯೋದು ಒಪ್ಪಿದೆ. ಆದರೆ "ಸುಳ್ಳು ಹೇಳುತ್ತದೆ" ಅನ್ನೋದು ದೊಡ್ಡ ಮಾತು. ಹಕ್ಕಿ ಯಾವುದೋ ಕಾರಣಕ್ಕೆ ಕೂಗಿತು, ಮೀರ್‌ಕ್ಯಾಟ್ ಹೆದರಿತು, ಚೇಳು ಬಿತ್ತು, ಹಕ್ಕಿಗೆ ಸಿಕ್ಕಿತು. ಇದರಲ್ಲಿ ಸುಳ್ಳು ಎಲ್ಲಿಂದ ಬಂತು? ಟಿವಿಯವರಿಗೆ ಕಥೆ ಬೇಕು, ಹಿನ್ನೆಲೆಗೆ ಒಂದು ದಪ್ಪ ದನಿ ಇಟ್ಟು "ಚಾಲಾಕಿ ಕಳ್ಳ" ಅಂತಾರೆ. ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಕರಿಗರಿ:
ಇಟ್ಟಿದ್ದಾರೆ ಸಂಶಯಪ್ಪನವರೇ. ಟಾಮ್ ಫ್ಲವರ್ ಅನ್ನೋ ಸಂಶೋಧಕರು ಅದೇ ಕುರುಮಾನ್ ಮೀಸಲಿನಲ್ಲಿ ವರ್ಷಗಟ್ಟಲೆ ಈ ಹಕ್ಕಿಗಳ ಹಿಂದೆ ನಡೆದಿದ್ದಾರೆ. ಕಾಲಿಗೆ ಬಣ್ಣದ ಉಂಗುರ ಹಾಕಿ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದರು. ಕರೆದರೆ ಹುಳು ತಿನ್ನೋಕೆ ಹತ್ತಿರ ಬರುವಷ್ಟು ಸಲಿಗೆ ಬೆಳೆಸಿದ್ದರು. ಹಾಗಾಗಿ ಯಾವ ಹಕ್ಕಿ, ಯಾವಾಗ, ಯಾರ ಎದುರು, ಯಾವ ಕೂಗು ಹಾಕಿತು ಅನ್ನೋದೆಲ್ಲ ಬರೆದಿಟ್ಟಿದ್ದಾರೆ.

2011ರಲ್ಲಿ ಮೊದಲ ಪ್ರಬಂಧ ಬಂತು. ಗಿಡುಗ ಕಂಡಾಗ ಈ ಹಕ್ಕಿ ಹಾಕುವ ನಿಜವಾದ ಎಚ್ಚರಿಕೆ ಕೂಗು, ಗಿಡುಗ ಇಲ್ಲದಾಗ ಕದಿಯಲು ಹಾಕುವ ಕೂಗು, ಎರಡನ್ನೂ ಧ್ವನಿಮುದ್ರಿಸಿ ಹೋಲಿಸಿದರು. ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. ಅದನ್ನೇ ಸ್ಪೀಕರಿನಲ್ಲಿ ಹಾಕಿದಾಗ ಮೀರ್‌ಕ್ಯಾಟ್‌ಗಳೂ ಹರಟೆಮಲ್ಲಗಳೂ ಎರಡಕ್ಕೂ ಒಂದೇ ಥರ ಬೆದರಿದವು. ಅಂದರೆ ಕೇಳುವವರಿಗೆ ನಿಜ ಯಾವುದು, ನಕಲಿ ಯಾವುದು ಗೊತ್ತಾಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಮುಂದಿನದು. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 64 ಹಕ್ಕಿಗಳು, ಏಳುನೂರರ ಹತ್ತಿರ ಕಳ್ಳತನದ ಪ್ರಯತ್ನಗಳು. ಅಷ್ಟೂ ಹಕ್ಕಿಗಳಿಂದ ಒಟ್ಟು 51 ಬಗೆಯ ಎಚ್ಚರಿಕೆ ಕೂಗು ಸಿಕ್ಕವು. ಸ್ವಂತದ್ದು ಕೆಲವೇ, ಉಳಿದವೆಲ್ಲ ಬೇರೆಯವರಿಂದ ಎತ್ತಿಕೊಂಡವು. ಮೀರ್‌ಕ್ಯಾಟಿನದ್ದು, ಕಪ್ಪುಬಿಳಿ ಹರಟೆಮಲ್ಲದ್ದು, ಹೊಳಪಿನ ಸ್ಟಾರ್ಲಿಂಗ್‌ನದ್ದು ಹೀಗೆ. ಒಂದು ಕೂಗು ಹಾಕಿ ಫಲ ಸಿಗದಿದ್ದರೆ ಮುಂದಿನ ಸಲ ಬೇರೆ ಕೂಗಿಗೆ ಬದಲಾಯಿಸುತ್ತದೆ. ಬದಲಾಯಿಸಿದಾಗ ಊಟ ಸಿಗುವ ಸಾಧ್ಯತೆಯೂ ಜಾಸ್ತಿ.

ಯಾಕೆ ಬದಲಾಯಿಸಬೇಕು ಅಂತಲೂ ಪರೀಕ್ಷೆ ಮಾಡಿದ್ದಾರೆ. ಹರಟೆಮಲ್ಲಗಳಿಗೆ ಒಂದೇ ಎಚ್ಚರಿಕೆಯನ್ನು ಮತ್ತೆ ಮತ್ತೆ ಕೇಳಿಸಿದರೆ ಮೂರನೇ ಸಲಕ್ಕೆ ಅವು ಅಷ್ಟಾಗಿ ಕೇರ್ ಮಾಡುವುದಿಲ್ಲ. ಮೂರನೆಯದನ್ನು ಬೇರೆ ಜಾತಿಯ ಕೂಗಿಗೆ ಬದಲಿಸಿದರೆ ಮತ್ತೆ ಬೆದರುತ್ತವೆ. ಕದ್ದ ಊಟ ಈ ಹಕ್ಕಿಯ ದಿನದ ಆಹಾರದಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಪಾಲು. ಸುಮ್ನೆ ಅಕಸ್ಮಾತ್ ಚೇಳು ಸಿಕ್ಕಿತು ಅನ್ನೋಕೆ ಇದು ತುಂಬಾ ದೊಡ್ಡ ಪಾಲು, ಅಲ್ವಾ?

ಮಲೆನಾಡ_ಮಳೆ:
ನಕಲು ಮಾಡೋದರಲ್ಲಿ ನಮ್ಮ ಭೀಮರಾಜ ಏನು ಕಮ್ಮಿ? ಬಾಲದ ತುದಿಯಲ್ಲಿ ಎರಡು ಉದ್ದ ಎಳೆ, ತುದಿಗೆ ಗರಿ. ನಮ್ಮ ತೋಟದ ಹಿಂದಿನ ಕಾಡಿನಲ್ಲಿ ಬೆಳಗ್ಗೆ ಗಿಡುಗ ಕೂಗಿತು ಅಂತ ಮೇಲೆ ನೋಡಿದರೆ ಇದೇ ಕೂತಿರುತ್ತದೆ. ಬೆಕ್ಕಿನ ದನಿಯನ್ನೂ ತೆಗೆಯುತ್ತದೆ. ಇದೂ ಕದಿಯೋಕೆ ಮಾಡುತ್ತದಾ?

ಕರಿಗರಿ:
ಮೇಡಂ, ಅದರದ್ದು ಸ್ವಲ್ಪ ಬೇರೆ ದಾರಿ. ಶ್ರೀಲಂಕಾದ ಮಳೆಕಾಡಿನಲ್ಲಿ ಗುಡೇಲ್ ಮತ್ತು ಕೋಟಗಮ ಅನ್ನೋ ಇಬ್ಬರು ವಿಜ್ಞಾನಿಗಳು ಭೀಮರಾಜನ ಮೇಲೆ ಕೆಲಸ ಮಾಡಿದ್ದಾರೆ. ಅಪಾಯ ಇದ್ದಾಗ ಅದು ಬೇರೆ ಹಕ್ಕಿಗಳ ಎಚ್ಚರಿಕೆ ಕೂಗನ್ನು ನಕಲು ಮಾಡುತ್ತದೆ, ಅಪಾಯ ಇಲ್ಲದಾಗ ಅವುಗಳ ಹಾಡನ್ನು. ಆ ನಕಲು ಕೇಳಿ ಬೇರೆ ಬೇರೆ ಹಕ್ಕಿಗಳು ಹತ್ತಿರ ಬಂದು ಮಿಶ್ರ ಗುಂಪು ಕಟ್ಟುತ್ತವೆ. ಗುಂಪು ಇದ್ದರೆ ಎಲೆಗಳಿಂದ ಹುಳ ಏಳುತ್ತವೆ, ಭೀಮರಾಜನಿಗೆ ಲಾಭ. ನಿಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಹೀಗೇ ಗುಂಪಿನ ಜೊತೆ ಓಡಾಡುತ್ತದೆ.

ಸಂಶಯಪ್ಪ:
ಅಂಕಿ ಅಂಶ ಒಪ್ಪಿದೆ. ಆದರೆ ಎರಡು ಪ್ರಶ್ನೆ ಉಳೀತು. ಒಂದು, ಇಷ್ಟು ಸಲ ಮೋಸ ಹೋದವರು ಬುದ್ಧಿ ಕಲಿಯುವುದಿಲ್ಲವಾ? ಎರಡು, ಹಕ್ಕಿಗೆ "ಇವನ ಮನಸ್ಸಿನಲ್ಲಿ ಈಗ ಏನಿದೆ, ನಾನು ಹೀಗೆ ಕೂಗಿದರೆ ಇವನು ಏನಂದುಕೊಳ್ಳುತ್ತಾನೆ" ಅಂತ ಗೊತ್ತಿದೆ ಅಂತ ನೀವು ಹೇಳುತ್ತಿದ್ದೀರಾ?

ಕರಿಗರಿ:
ಎರಡನೆಯದು ಬೇಗ ಮುಗಿಯುತ್ತದೆ. ಸಂಶೋಧಕರೂ ಹಾಗೆ ಹೇಳಿಲ್ಲ. ಎದುರಿನವರ ಮನಸ್ಸು ಓದಬೇಕಿಲ್ಲ. ಈ ಕೂಗಿಗೆ ಊಟ ಬಂತು, ಆ ಕೂಗಿಗೆ ಬರಲಿಲ್ಲ ಅನ್ನೋ ಪಾಠ ಸಾಕು. ಸೋತರೆ ಬದಲಾಯಿಸು, ಅಷ್ಟೇ. ಹಾಗಾಗಿ "ಸುಳ್ಳು" ಅನ್ನೋದನ್ನು ನಾನು ಕೆಲಸದ ಅರ್ಥದಲ್ಲಿ ಬಳಸುತ್ತೇನೆ. ಇಲ್ಲದ ಅಪಾಯ ಇದೆ ಅಂತ ಹೇಳಿದ ಹಾಗಾಯಿತು, ಹೇಳಿದವನಿಗೆ ಲಾಭವಾಯಿತು.

ಮೊದಲನೆಯದೇ ಅಸಲಿ ವಿಷಯ. ವಿಡಿಯೋಗಳಲ್ಲಿ ಬಿಟ್ಟುಹೋಗೋದೂ ಅದೇ. ಈ ಹಕ್ಕಿ ಬರೀ ಸುಳ್ಳು ಹೇಳಿದ್ದರೆ ಎರಡೇ ದಿನದಲ್ಲಿ ಅಂಗಡಿ ಮುಚ್ಚುತ್ತಿತ್ತು. ಗಿಡುಗ, ಹದ್ದು ನಿಜವಾಗಿ ಬಂದಾಗ ಇದು ನಿಜವಾಗಿಯೂ ಕೂಗುತ್ತದೆ. ನೆಲ ಕೆದರುವವರ ತಲೆ ಕೆಳಗಿರುತ್ತದೆ, ಆಕಾಶ ಕಾಣುವುದಿಲ್ಲ. ಮೇಲೆ ಕೂತವನಿಗೆ ಕಾಣುತ್ತದೆ. ಅವನ ಮಾತು ಕೇಳದೆ ಒಂದು ಸಲ ಸುಮ್ಮನಿದ್ದರೆ, ಆ ಒಂದು ಸಲವೇ ಗಿಡುಗ ಬಂದಿದ್ದರೆ, ಪ್ರಾಣ ಹೋಯಿತು. ಕೇಳಿ ಓಡಿದರೆ ಹೋಗೋದು ಒಂದು ಹುಳ. ಈ ಲೆಕ್ಕದಲ್ಲಿ ಮೋಸ ಹೋಗೋದೇ ಅಗ್ಗ. ಹೇಳಿದ ನಿಜಗಳ ಮೇಲೆಯೇ ಅದರ ಸುಳ್ಳು ಬದುಕೋದು.

ಹಾಗಂತ ಕೇಳುವವರು ದಡ್ಡರೂ ಅಲ್ಲ. ಅಮಂಡಾ ರಿಡ್ಲಿ ಅನ್ನೋ ವಿಜ್ಞಾನಿ 2003ರಿಂದ ಅದೇ ಜಾಗದಲ್ಲಿ ಕಪ್ಪುಬಿಳಿ ಹರಟೆಮಲ್ಲಗಳನ್ನು ನೋಡುತ್ತಿದ್ದಾರೆ. ಇವೂ ನಮ್ಮ ಹರಟೆಮಲ್ಲಗಳ ಹಾಗೆ ಗುಂಪಿನಲ್ಲೇ ಇರೋದು, ಒಂದು ಮೇಲೆ ಕೂತು ಕಾವಲು ಕಾಯುತ್ತದೆ. ಗುಂಪು ದೊಡ್ಡದಿದ್ದರೆ ಸ್ವಂತ ಕಾವಲುಗಾರರು ಸಾಕಷ್ಟಿರುತ್ತಾರೆ. ಆಗ ಡ್ರಾಂಗೋ ಬಂದರೆ ಓಡಿಸುತ್ತವೆ. ಗುಂಪು ಸಣ್ಣದಿದ್ದರೆ ಓಡಿಸುವುದಿಲ್ಲ, ಇರಲಿ ಬಿಡು ಅಂತ ಇಟ್ಟುಕೊಳ್ಳುತ್ತವೆ. ಅವನು ಕಾವಲಿದ್ದರೆ ಇವು ತಲೆ ಎತ್ತಿ ನೋಡೋದು ಕಮ್ಮಿ ಮಾಡಿ ಜಾಸ್ತಿ ಹೊತ್ತು ತಿನ್ನಬಹುದು. ಆಗಾಗ ಒಂದು ಹುಳ ಕಳೆದುಕೊಂಡರೂ ನಷ್ಟವಿಲ್ಲ.

ಕಾವಲಿಗೆ ಅಂತಲೇ ಡ್ರಾಂಗೋ ಒಂದು ಸಣ್ಣ ಕೂಗು ಹಾಕುತ್ತಿರುತ್ತದೆ, "ಟ್ವಾಂಕ್" ಅಂತ. ನಾನಿಲ್ಲಿದ್ದೇನೆ, ನೋಡುತ್ತಿದ್ದೇನೆ ಅಂತ ಇಟ್ಟುಕೊಳ್ಳಿ. ಅದು ಕೇಳಿಸುತ್ತಿದ್ದರೆ ಹರಟೆಮಲ್ಲಗಳು ನಿರಾಳವಾಗಿ ತಿನ್ನುತ್ತವೆ. ತಮ್ಮದೇ ಜಾತಿಯ ಕಾವಲುಗಾರನನ್ನು ನಂಬಿದಷ್ಟು ಮಾತ್ರ ನಂಬುವುದಿಲ್ಲ, ಅದನ್ನೂ ಅಳೆದಿದ್ದಾರೆ. ಕಲಹಾರಿಯಲ್ಲಿ ನೂರಾರು ಹಕ್ಕಿಗಳು ಒಟ್ಟಿಗೆ ಒಂದೇ ದೊಡ್ಡ ಗೂಡು ಕಟ್ಟುವ ಸಂಘಜೀವಿ ಗೀಜಗಗಳಿವೆ. ಈ ಕಾವಲು ಕೂಗು ಕೇಳಿದರೆ ಅವು ಡ್ರಾಂಗೋ ಇರುವ ಕಡೆಗೇ ಹತ್ತಿರ ಬಂದು ಮೇಯುತ್ತವೆ. ಅಂದರೆ ಡ್ರಾಂಗೋ ಮೊದಲು ಗಿರಾಕಿಯನ್ನು ನಂಬಿಸಿ ಕರೆಯುತ್ತದೆ, ಆಮೇಲೆ ನಡುವೆ ಒಂದು ಹುಸಿ ಕೂಗು ಹಾಕಿ ತನ್ನ ಕಮಿಷನ್ ತೆಗೆದುಕೊಳ್ಳುತ್ತದೆ.

ಸಂಶಯಪ್ಪ:
ಸರಿ, ಇದು ಒಪ್ಪುವಂಥ ಮಾತು. "ಕಳ್ಳ" ಅನ್ನೋದಕ್ಕಿಂತ ಸಂಬಳ ತಾನೇ ಕಿತ್ತುಕೊಳ್ಳುವ ವಾಚ್‌ಮನ್.

ಹಗಲುಗನಸು:
ಹಾಹಾ. ನಮ್ಮ ಅಪಾರ್ಟ್‌ಮೆಂಟಿಗೆ ಒಬ್ಬ ಬೇಕು.

ವೇದಿಕೆ_ನಿರ್ವಾಹಕ:
ಅಪಾರ್ಟ್‌ಮೆಂಟ್ ನಿರ್ವಹಣೆ ಶುಲ್ಕದ ಬಗ್ಗೆ ಬಂದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ದಯವಿಟ್ಟು ಹಕ್ಕಿಗೆ ವಾಪಸ್ ಬನ್ನಿ.

ಸುಮನ_ಟೀಚರ್:
ಓದಿ ಖುಷಿಯಾಯಿತು. ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು ಅಂತ ಬರೆದಿಟ್ಟುಕೊಳ್ಳುತ್ತಿದ್ದೇನೆ. ಇದರ ಗೂಡು, ಮೊಟ್ಟೆ ಬಗ್ಗೆ ಯಾರಾದರೂ ಹೇಳುತ್ತೀರಾ? ಇಷ್ಟು ಚಾಲಾಕಿ ಹಕ್ಕಿಗೆ ಮೋಸ ಮಾಡುವವರು ಯಾರೂ ಇಲ್ಲವಾ?

ದಕ್ಷಿಣದ_ಗಾಳಿ:
ಇದ್ದಾರೆ ಮೇಡಂ! ನಿಮ್ಮ ಪ್ರಶ್ನೆಗೆ ಕಾಯುತ್ತಿದ್ದೆ.

ಮೊದಲು ಗೂಡು. ಇಲ್ಲಿ ಮಳೆಗಾಲ ನಮ್ಮ ಊರಿಗೆ ಉಲ್ಟಾ. ಸೆಪ್ಟೆಂಬರ್ ಹೊತ್ತಿಗೆ ಬಿಸಿಲೇರುತ್ತದೆ, ಅಲ್ಲಿಂದ ಡಿಸೆಂಬರ್, ಜನವರಿವರೆಗೆ ಗೂಡಿನ ಕಾಲ. ಮರದ ಅಡ್ಡ ಕೊಂಬೆ ಕವಲೊಡೆಯುವ ಕಡೆ, ಎರಡು ಕವಲಿನ ನಡುವೆ ಆಳವಿಲ್ಲದ ಬಟ್ಟಲು ತೂಗುಹಾಕುತ್ತದೆ. ನಾರು, ಸಣ್ಣ ಕಡ್ಡಿ, ಜೇಡರ ಬಲೆಯಲ್ಲಿ ಬಿಗಿದಿರುತ್ತದೆ. ಕೆಳಗಿನಿಂದ ನೋಡಿದರೆ ಎಷ್ಟು ತೆಳು ಅಂದರೆ ಮೊಟ್ಟೆ ಬಿದ್ದುಹೋಗುತ್ತದೇನೋ ಅನ್ನಿಸುತ್ತದೆ. ಸಾಮಾನ್ಯವಾಗಿ ಮೂರು ಮೊಟ್ಟೆ. ಮರಿಗಳಿಗೆ ಗಂಡು ಹೆಣ್ಣು ಎರಡೂ ತಿನ್ನಿಸುತ್ತವೆ. ಗೂಡಿರುವ ಮರದ ಹತ್ತಿರ ಹೋದರೆ ಮನುಷ್ಯರ ತಲೆಗೂ ಎರಗುತ್ತವೆ, ಟೋಪಿ ಇರಲಿ.

ಈಗ ಮೋಸಗಾರ. ಆಫ್ರಿಕನ್ ಕುಕ್ಕೂ ಅಂತ ಒಂದು ಹಕ್ಕಿ. ನಮ್ಮ ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವ ಹಾಗೆ ಇದು ಡ್ರಾಂಗೋ ಗೂಡಿನಲ್ಲಿ ಇಡುತ್ತದೆ. ಕುಕ್ಕೂ ಮರಿ ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆಗಳನ್ನು ಬೆನ್ನಲ್ಲಿ ತಳ್ಳಿ ಕೆಳಗೆ ಹಾಕುತ್ತದೆ. ಕುಕ್ಕೂ ಮೊಟ್ಟೆಯ ಬಣ್ಣ, ಚುಕ್ಕೆ ಎಲ್ಲ ಡ್ರಾಂಗೋ ಮೊಟ್ಟೆಯಂತೆಯೇ, ನಮ್ಮ ಕಣ್ಣಿಗೆ ಬೇರೆ ಮಾಡೋಕೇ ಆಗುವುದಿಲ್ಲ.

ಆದರೆ ಡ್ರಾಂಗೋ ಬಿಡುವುದಿಲ್ಲ. ಒಂದೊಂದು ಹೆಣ್ಣೂ ಜೀವನಪೂರ್ತಿ ತನ್ನದೇ ನಮೂನೆಯ ಮೊಟ್ಟೆ ಇಡುತ್ತದೆ. ಒಂದಕ್ಕೆ ಬರೀ ಬಿಳಿ, ಇನ್ನೊಂದಕ್ಕೆ ಗುಲಾಬಿ ಮೇಲೆ ಕಂದು ಮಚ್ಚೆ, ಮತ್ತೊಂದಕ್ಕೆ ಸಣ್ಣ ಚುಕ್ಕೆ. ಹೆಣ್ಣಿಂದ ಹೆಣ್ಣಿಗೆ ಬೇರೆ, ಒಂದೇ ಹೆಣ್ಣಿನ ಮೊಟ್ಟೆಗಳು ಮಾತ್ರ ಒಂದೇ ಥರ. ಬ್ಯಾಂಕಿನಲ್ಲಿ ನಮ್ಮ ಸಹಿ ನೋಡುವ ಹಾಗೆ ಅದು ತನ್ನ ಮೊಟ್ಟೆಯ ಸಹಿ ನೋಡುತ್ತದೆ. ಕುಕ್ಕೂ ಒಟ್ಟಾರೆ ಡ್ರಾಂಗೋ ಮೊಟ್ಟೆಯನ್ನು ನಕಲು ಮಾಡಬಹುದು, ಆದರೆ ತಾನು ಹೋದ ಗೂಡಿನ ಒಡತಿಯ ಸಹಿಯನ್ನೇ ಹಾಕಲಾರದು. ಜಾಂಬಿಯಾದ ಚೋಮಾ ಪ್ರದೇಶದಲ್ಲಿ ಕೇಂಬ್ರಿಜ್ ಮತ್ತು ಕೇಪ್‌ಟೌನ್ ವಿಶ್ವವಿದ್ಯಾಲಯಗಳ ಸಂಶೋಧಕರು ಗೂಡುಗಳಲ್ಲಿ ಬೇರೆ ಮೊಟ್ಟೆ ಇಟ್ಟು ನೋಡಿದರು. 2023ರಲ್ಲಿ ಪ್ರಕಟವಾಯಿತು. ಅವರ ಲೆಕ್ಕದಲ್ಲಿ ಕುಕ್ಕೂ ಮೊಟ್ಟೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿಯನ್ನು ಡ್ರಾಂಗೋ ಗುರುತಿಸಿ ಎಸೆಯುತ್ತದೆ.

ಸುಮನ_ಟೀಚರ್:
ಅಬ್ಬಾ. ಮಕ್ಕಳಿಗೆ ಒಂದೇ ಥರದ ಮೊಟ್ಟೆ ಚಿತ್ರಗಳನ್ನು ಕೊಟ್ಟು ಕಳ್ಳ ಮೊಟ್ಟೆ ಹುಡುಕಿ ಅಂತ ಆಟ ಮಾಡಿಸಬಹುದು. ಧನ್ಯವಾದ.

ಹೊಲದಬದು:
ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ. ನನ್ನದು ಇನ್ನೆರಡು. ಕದಿಯೋದು ಇಷ್ಟು ಸುಲಭ ಆದರೆ ದಿನವಿಡೀ ಅದನ್ನೇ ಯಾಕೆ ಮಾಡುವುದಿಲ್ಲ? ಆಮೇಲೆ ನಮ್ಮ ಕಾಜಾಣವೂ ಹೀಗೆ ಮಾಡುತ್ತದಾ?

ಕರಿಗರಿ:
ಅಣ್ಣ, ಸುಲಭ ಏನಲ್ಲ. ಒಂದು ಗುಂಪಿನ ಹಿಂದೆಯೇ ಅಲೆಯಬೇಕು, ಅವಕ್ಕೆ ದೊಡ್ಡ ಹುಳ ಸಿಗುವವರೆಗೆ ಕಾಯಬೇಕು, ಕೂಗಿದರೂ ಎಷ್ಟೋ ಸಲ ಬಿಡುವುದಿಲ್ಲ. ಅದಕ್ಕೇ ದಿನದ ಹೆಚ್ಚಿನ ಹೊತ್ತು ಸ್ವಂತ ಬೇಟೆಯೇ. ಕಲಹಾರಿಯ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಂಥ ಬೆಳಗ್ಗೆ ಹಾರುವ ಹುಳಗಳು ಏಳುವುದೇ ಇಲ್ಲ. ಗಾಳಿಯಲ್ಲಿ ಹಿಡಿದು ತಿನ್ನುವವನಿಗೆ ಕೆಲಸ ಇಲ್ಲ. ಆದರೆ ಮೀರ್‌ಕ್ಯಾಟ್ ನೆಲದೊಳಗಿಂದ ಚೇಳು, ಹಲ್ಲಿ, ದುಂಬಿಯ ಕೊಬ್ಬಿದ ಮರಿಹುಳು ತೆಗೆಯುತ್ತಿರುತ್ತದೆ. ಅವೆಲ್ಲ ಡ್ರಾಂಗೋ ಸ್ವಂತಕ್ಕೆ ಅಗೆದು ತೆಗೆಯಲಾರದ ದೊಡ್ಡ ತುತ್ತು. ಕಳ್ಳತನ ಜಾಸ್ತಿ ಆಗೋದು ಆಗಲೇ. ಬಿಸಿಲೇರಿ ಹುಳ ಹಾರತೊಡಗಿದರೆ ಮತ್ತೆ ಸ್ವಂತ ದುಡಿಮೆ.

ನಮ್ಮ ಕಾಜಾಣ ಶಿಕ್ರಾ ಗಿಡುಗದ ಕೂಗು ಹಾಕಿ ಮೈನಾಗಳನ್ನು ಎಬ್ಬಿಸಿ ಅವುಗಳ ಹುಳ ಕಿತ್ತುಕೊಂಡಿದ್ದನ್ನು ನೋಡಿದವರು ದಾಖಲಿಸಿದ್ದಾರೆ. ಕಲಹಾರಿಯಲ್ಲಿ ಮಾಡಿದಂಥ ಲೆಕ್ಕಾಚಾರ ನಮ್ಮ ಹೊಲಗಳಲ್ಲಿ ಆದರೆ ಚೆನ್ನಾಗಿರುತ್ತದೆ ಅನ್ನೋದು ನನ್ನ ಆಸೆ. ನಿಮ್ಮ ಹೊಲದಲ್ಲಿ ಉಳುಮೆ ಹೊತ್ತಿಗೆ ಮೈನಾ, ಬೆಳ್ಳಕ್ಕಿ, ಕಾಜಾಣ ಮೂರೂ ಇರುತ್ತವಲ್ಲ. ಕೂಗು ಬಂದಾಗ ಮೇಲೆ ಗಿಡುಗ ಇದೆಯಾ ಇಲ್ಲವಾ ನೋಡಿ, ಯಾರ ಹುಳ ಯಾರಿಗೆ ಹೋಯಿತು ಬರೆದಿಡಿ. ಫೋನಿನಲ್ಲಿ ಧ್ವನಿ ಹಿಡಿದರೆ ಇನ್ನೂ ಒಳ್ಳೆಯದು.

ಹೊಲದಬದು:
ಆಗಲಿ. ಮುಂಗಾರು ಬರಲಿ, ನೇಗಿಲ ಹಿಂದೆ ಫೋನ್ ಹಿಡಿದು ನಡೆದರೆ ಮನೆಯವರು ಏನಂತಾರೋ ನೋಡೋಣ.

ಪಯಣಿಗ_ಬೆಂಗಳೂರು:
ತಡವಾಗಿ ಬಂದೆ. ಡಿಸೆಂಬರಿನಲ್ಲಿ ಕ್ರೂಗರಿಗೆ ಹೋಗುತ್ತಿದ್ದೇವೆ. ಅಲ್ಲಿ ಕರಿ ಹಕ್ಕಿಗಳು ಬೇಕಾದಷ್ಟು ಅಂತಾರೆ. ಇದೇ ಅಂತ ಗುರುತು ಹಿಡಿಯೋದು ಹೇಗೆ?

ದಕ್ಷಿಣದ_ಗಾಳಿ:
ಎಲ್ಲರನ್ನೂ ಗೊಂದಲಕ್ಕೆ ಹಾಕೋದು ಸದರ್ನ್ ಬ್ಲ್ಯಾಕ್ ಫ್ಲೈಕ್ಯಾಚರ್. ಅದೂ ಕಪ್ಪು, ಅದೂ ಕೊಂಬೆಯಿಂದ ಹಾರಿ ಹುಳ ಹಿಡಿಯುತ್ತದೆ, ಎಷ್ಟೋ ಸಲ ಡ್ರಾಂಗೋ ಇರುವ ಕಡೆಯೇ ಇರುತ್ತದೆ. ಕಣ್ಣು ನೋಡಿ. ಡ್ರಾಂಗೋದ್ದು ಕೆಂಪು, ಇದರದ್ದು ಗಾಢ ಕಂದು. ಬಾಲವೂ ಅಷ್ಟೇ, ಡ್ರಾಂಗೋದ್ದು ಮೀನಿನ ಬಾಲದಂತೆ ಸೀಳಿ ಹೊರಕ್ಕೆ ಬಾಗಿರುತ್ತದೆ, ಇದರದ್ದು ತುದಿ ಹೆಚ್ಚುಕಮ್ಮಿ ಚೌಕ. ಬ್ಲ್ಯಾಕ್ ಕುಕ್ಕೂಶ್ರೈಕ್ ಗಂಡು ಇನ್ನೊಂದು ಕರಿ ಹಕ್ಕಿ. ಅದರ ಬಾಯಿಯ ಮೂಲೆಯಲ್ಲಿ ಹಳದಿ ಕಾಣುತ್ತದೆ, ಬಾಲದ ತುದಿ ದುಂಡಗೆ. ಎಳೆ ಡ್ರಾಂಗೋಗಳಿಗೆ ಹೊಟ್ಟೆ ಕಡೆ ಮಾಸಲು ಚುಕ್ಕೆ, ಕಣ್ಣು ಇನ್ನೂ ಕೆಂಪಾಗಿರುವುದಿಲ್ಲ, ಡಿಸೆಂಬರಿನಲ್ಲಿ ಅಂಥವೂ ಸಿಗಬಹುದು. ಅನುಮಾನ ಬಂದರೆ ಐದು ನಿಮಿಷ ಗಾಡಿ ಅಲ್ಲೇ ನಿಲ್ಲಿಸಿ. ಯಾವುದಾದರೂ ಹದ್ದು ಆ ಕಡೆ ಹಾರಿ ಬಂದರೆ, ಮೊದಲು ಎದ್ದು ಅದರ ಬೆನ್ನು ಹತ್ತೋದು ಡ್ರಾಂಗೋನೇ.

ಪಯಣಿಗ_ಬೆಂಗಳೂರು:
ಬಹಳ ಉಪಯೋಗವಾಯಿತು ಸಾರ್. ಬೈನಾಕ್ಯುಲರ್ 8ರದ್ದು ಸಾಕಾ, 10ರದ್ದು ಬೇಕಾ?

ದಕ್ಷಿಣದ_ಗಾಳಿ:
8ರದ್ದೇ ಸಾಕು. ಇದು ದೂರ ಕೂರುವ ಹಕ್ಕಿ ಅಲ್ಲ.